ಬೇಸ್‌ಮೆಂಟಿನ ಹೊಸ ಸಿಂಕಿಗೆ ನೆಲ ಒಡೆಯಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಬೆಂಗಳೂರಿನ ಮನೆ, ಅರ್ಧ ನೆಲದೊಳಗಿರುವ ಬೇಸ್‌ಮೆಂಟ್. ಅಲ್ಲೊಂದು ಸಿಂಕ್ ಬೇಕು. ನೆಲ ಒಡೆದು ಪೈಪ್ ಹಾಕಬೇಕು ಅಂತಾರೆ ಪ್ಲಂಬರ್. ಬೇರೆ ದಾರಿ ಇದೆಯಾ?

ಇರಬಹುದು. ನಾನೂ ಇದೇ ಕೆಲಸ ಮಾಡಿಸಿದ್ದೇನೆ, ಅದೂ ಎರಡು ಸಲ.

ಮೊದಲು ಮನೆ ಹೊರಗಿನ ಚೇಂಬರ್ ಮುಚ್ಚಳ ತೆಗೆಸಿ. ಮನೆಯ ಕೊಳಕು ನೀರೆಲ್ಲ ಅಲ್ಲಿಂದಲೇ ರಸ್ತೆಯ ಲೈನಿಗೆ ಹೋಗುವುದು. ಬೇಸ್‌ಮೆಂಟ್ ಇರುವ ಮನೆಗಳಲ್ಲಿ ಆ ಚೇಂಬರಿನ ತಳವೇ ಬೇಸ್‌ಮೆಂಟ್ ನೆಲಕ್ಕಿಂತ ಮೇಲಿರುವುದು ಜಾಸ್ತಿ. ಹಾಗಿದ್ದರೆ ನೆಲದಡಿ ಪೈಪ್ ಹಾಕಿ ಏನು ಬಂತು? ನೀರು ಮೇಲಕ್ಕೆ ಹತ್ತಲ್ಲ ಅಲ್ವಾ.

ಆದರೆ ಸಿಂಕ್ ನೆಲದ ಮೇಲೆ ಕೂತಿರುವುದಿಲ್ಲ. ಅದರ ಟ್ರ್ಯಾಪಿನಿಂದ (ಸಿಂಕಿನಡಿ ಸ್ವಲ್ಪ ನೀರು ನಿಂತು ವಾಸನೆ ತಡೆಯುವ ಬಾಗಿದ ಪೈಪು) ನೀರು ಹೊರಬೀಳುವ ಜಾಗ ನೆಲದಿಂದ ಸುಮಾರು 45 ಸೆಂ.ಮೀ. ಮೇಲಿರುತ್ತದೆ. ನಮ್ಮನ್ನು ಕಾಪಾಡಿದ್ದು ಇದೇ.

ಮಟ್ಟ ನೋಡೋಕೆ ಗಾರೆ ಕೆಲಸದವರ ನೀರು ತುಂಬಿದ ಲೆವೆಲ್ ಪೈಪ್ ಸಾಕು. ಒಂದು ತುದಿ ಚೇಂಬರ್ ಹತ್ತಿರ, ಇನ್ನೊಂದು ಬೇಸ್‌ಮೆಂಟಿನ ಗೋಡೆಗೆ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲಿಂದ ಕೆಳಕ್ಕೆ ಅಳೆದರಾಯಿತು. ಪೈಪಿನೊಳಗೆ ಗಾಳಿ ಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತದೆ, ಬೆರಳಲ್ಲಿ ತಟ್ಟಿ ತಟ್ಟಿ ಬಿಡಿಸಿ. ನಮ್ಮಲ್ಲಿ ಚೇಂಬರಿನ ತಳ ನೆಲಕ್ಕಿಂತ 20 ಸೆಂ.ಮೀ. ಮೇಲಿತ್ತು, ದೂರ 7 ಮೀಟರ್. ಮೀಟರಿಗೆ 2 ಸೆಂ.ಮೀ. ವಾಟ (ಇಳಿಜಾರು) ಕೊಟ್ಟರೆ ಪೈಪ್ 14 ಸೆಂ.ಮೀ. ಇಳಿಯುತ್ತದೆ. 45ರಲ್ಲಿ 14 ಕಳೆದರೆ 31. ಅಂದ್ರೆ ಚೇಂಬರಿನ ತಳಕ್ಕಿಂತ 11 ಸೆಂ.ಮೀ. ಮೇಲೆ ಹೋಗಿ ಬೀಳುತ್ತದೆ. ಧಾರಾಳ ಸಾಕು. ನೆಲ ಮುಟ್ಟದೆ, ಪೈಪನ್ನು ಗೋಡೆಗುಂಟ ಕ್ಲಾಂಪ್ ಹಾಕಿ ಒಯ್ದೆವು. ಗೋಡೆ ಕೊರೆದ ಕಡೆ ವಾಟರ್‌ಪ್ರೂಫಿಂಗ್ ಚೆನ್ನಾಗಿ ಮಾಡಿಸಿ. ಕಾಲಂ, ಬೀಮ್ ಮಾತ್ರ ಕೊರೆಯೋಕೆ ಬಿಡಬೇಡಿ.

ಸಿಂಕಿನಿಂದ 40 ಎಂಎಂ, ಆಮೇಲೆ 75 ಎಂಎಂ ಪೈಪ್. ತಿರುವಿನಲ್ಲಿ 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡ್. ಕಟ್ಟಿಕೊಂಡರೆ ಬಿಚ್ಚೋಕೆ ಡೋರ್ ಇರುವ ಒಂದು ಫಿಟ್ಟಿಂಗ್. ಟ್ರ್ಯಾಪಿನ ಆಚೆಯಿಂದ ಒಂದು ಗಾಳಿ ಪೈಪನ್ನೂ ಮೇಲಕ್ಕೆ ಒಯ್ಯಿರಿ. ಇಲ್ಲದಿದ್ದರೆ ನೀರು ಹೋಗುವಾಗ ಗುಳುಗುಳು ಅನ್ನುತ್ತಾ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ, ವಾಸನೆ ಶುರುವಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಮೊದಲ ಸಲ ಕೆಟ್ಟೆ. ಒಂದು ರಾತ್ರಿ ಜೋರು ಮಳೆ. ಬೆಳಗ್ಗೆ ಇಳಿದು ನೋಡಿದರೆ ಸಿಂಕಿನ ತುಂಬ ಕಪ್ಪು ನೀರು, ಮೇಲೆ ತೇಲುತ್ತಿದ್ದದ್ದು ನಮ್ಮದೇ ಅಡುಗೆಮನೆಯ ಕರಿಬೇವು! ರಸ್ತೆಯ ಮ್ಯಾನ್‌ಹೋಲ್ ತುಂಬಿ ಚೇಂಬರ್ ತುಂಬಿತ್ತು. ಎಲ್ಲಕ್ಕಿಂತ ತಗ್ಗಿನ ಬಾಯಿ ಈ ಸಿಂಕು, ಅಲ್ಲೇ ಉಕ್ಕಿತು. ಹಾಗಾಗಿ ಎರಡನೇ ಸಲ ಈ ಲೈನಿಗೆ ಕೊಳಕು ನೀರಿಗೆ ಅಂತಲೇ ಇರುವ, ನೀರು ಹಿಂದಕ್ಕೆ ಬಂದರೆ ಒಳಗಿನ ಪಟ (ಮುಚ್ಚಳ) ಮುಚ್ಚಿಕೊಳ್ಳುವ ನಾನ್ ರಿಟರ್ನ್ ವಾಲ್ವ್ ಹಾಕಿಸಿದೆ. ಕುಡಿಯುವ ನೀರಿನ ಲೈನಿನ ಹಿತ್ತಾಳೆ ವಾಲ್ವ್ ಇದಕ್ಕೆ ಆಗಲ್ಲ, ಕಸ ಸಿಕ್ಕಿಕೊಳ್ಳುತ್ತದೆ. ಕೈಗೆ ಸಿಗುವ ಜಾಗದಲ್ಲಿರಲಿ, ಆಗಾಗ ಬಿಚ್ಚಿ ತೊಳೆಯಬೇಕು. ಪಟ ಮುಚ್ಚಿರುವಾಗ ನಿಮ್ಮ ಸಿಂಕಿನ ನೀರೂ ಹೋಗಲ್ಲ, ಅದು ನೆನಪಿರಲಿ.

ಲೆಕ್ಕ ಹಾಕಿದಾಗ ಪೈಪಿನ ತುದಿ ಚೇಂಬರಿನ ತಳಕ್ಕಿಂತ ಕೆಳಗೆ ಬಂತಾ? ಆಗ ಗುಂಡಿ, ಕೊಳಕು ನೀರಿನ ಪಂಪು, ಗುಂಡಿಯಲ್ಲಿ ನೀರು ಏರಿದಾಗ ಪಂಪನ್ನು ತಾನೇ ಚಾಲೂ ಮಾಡುವ ಫ್ಲೋಟ್ ಸ್ವಿಚ್ಚು ಬೇಕು. ಖರ್ಚು ಜಾಸ್ತಿ, ಕರೆಂಟ್ ಹೋದರೆ ಕಾಯಬೇಕು. ಪಂಪಿನ ಪೈಪಿಗೂ ಒಂದು ನಾನ್ ರಿಟರ್ನ್ ವಾಲ್ವ್ ಬೇಕು, ಆ ಪೈಪನ್ನು ರಸ್ತೆ ಮಟ್ಟಕ್ಕಿಂತ ಮೇಲೆ ಹತ್ತಿಸಿ ಚೇಂಬರಿಗೆ ಇಳಿಸಬೇಕು.

ಸುಲಭ ಅಂತ ಮಳೆನೀರಿನ ಪೈಪಿಗೆ ಸೇರಿಸೋಣ ಅನ್ನುವವರೂ ಸಿಗುತ್ತಾರೆ. ಬೇಡ. ಆ ನೀರು ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ.

ಅಳತೆ ಮಾಡಿದ ಮೇಲೆ ಎರಡು ಅಂಕಿ ಇಲ್ಲಿ ಹಾಕಿ: ಚೇಂಬರಿನ ತಳ ನಿಮ್ಮ ನೆಲಕ್ಕಿಂತ ಎಷ್ಟು ಮೇಲೆ, ಸಿಂಕಿನಿಂದ ಎಷ್ಟು ದೂರ. ನೋಡಿ ಹೇಳುತ್ತೇನೆ.