ಬಿಡುವಿನ ವಾರಗಳಲ್ಲಿ ದುಡಿಯುವಂತೆ ನಟಿಸಬೇಕೇ?

ಪ್ರಶ್ನೆ: ನಾನು ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ತಿಂಗಳ ಲೆಕ್ಕ ಮುಗಿಸುವ ದಿನಗಳಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ಆಮೇಲಿನ ಎರಡು ವಾರ ಕೈಯಲ್ಲಿ ಕೆಲಸವೇ ಇರುವುದಿಲ್ಲ. ಒಂದು ಗಂಟೆಯ ಕೆಲಸವನ್ನು ಸಂಜೆಯವರೆಗೆ ಎಳೆಯುತ್ತೇನೆ. ಮ್ಯಾನೇಜರ್ ಬಂದರೆ ಯಾವುದೋ ಹಳೆಯ ಫೈಲ್ ತೆರೆದು ಕೂರುತ್ತೇನೆ. ಇದ್ದದ್ದನ್ನು ಹೇಳಿದರೆ ಹುದ್ದೆಯೇ ಬೇಡವೆಂದಾರು ಎಂಬ ಭಯ. 'ಬಾಯಿ ಬಿಡಬೇಡಿ, ಕಂಡವರ ಕೆಲಸವೆಲ್ಲ ನಿಮ್ಮ ತಲೆಗೆ ಕಟ್ಟುತ್ತಾರೆ' ಎನ್ನುತ್ತಾರೆ ಸಹೋದ್ಯೋಗಿ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಬಿಡುವಿನ ಬಗೆಗಿನ ದೂರಿಗಿಂತ ನಟನೆಯ ಆಯಾಸವೇ ಹೆಚ್ಚಾಗಿ ಕಾಣುತ್ತದೆ. ಲೆಕ್ಕಪತ್ರದ ಕೆಲಸ ಇರುವುದೇ ಹಾಗೆ; ಬಿಲ್ಲುಗಳೆಲ್ಲ ಬಂದು ಸೇರುವ ದಿನಗಳಲ್ಲಿ ಉಸಿರು ಕಟ್ಟಿಸುತ್ತದೆ, ಮುಗಿದ ಮೇಲೆ ಸಡಿಲವಾಗುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಕೆಲಸವನ್ನು ಎಳೆಯುವ ಚಟವೂ ಹೊಸದಲ್ಲ: ಕೈಯಲ್ಲಿ ಎಷ್ಟು ಸಮಯವಿದೆಯೋ ಅಷ್ಟನ್ನೂ ತುಂಬುವಂತೆ ಕೆಲಸ ಹಿಗ್ಗುತ್ತದೆ ಎಂದು ಬ್ರಿಟಿಷ್ ಇತಿಹಾಸಕಾರ ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲೇ 'ದಿ ಎಕನಾಮಿಸ್ಟ್' ಪತ್ರಿಕೆಯ ಲೇಖನವೊಂದರಲ್ಲಿ ತುಸು ಗೇಲಿಯಾಗಿಯೇ ಬರೆದಿದ್ದರು. ಆದರೆ ಹೀಗೆ ಎಳೆದ ಕೆಲಸ ನಿಮಗೆ ವಿಶ್ರಾಂತಿಯನ್ನೂ ಕೊಡುವುದಿಲ್ಲ, ಕಲಿಕೆಯನ್ನೂ ಕೊಡುವುದಿಲ್ಲ.

ಬಿಡುವು ಸಿಕ್ಕೊಡನೆ ಆನ್‌ಲೈನ್ ಕೋರ್ಸಿಗೆ ಸೇರಿ ಎಂದು ಹೇಳುವವರು ಬಹಳ ಮಂದಿ. ನಾನು ಅದನ್ನು ಮೊದಲಿಗೆ ಹೇಳುವುದಿಲ್ಲ. ನಿಮ್ಮನ್ನು ಹೈರಾಣಾಗಿಸುವ ಆ ಲೆಕ್ಕ ಮುಗಿಸುವ ದಿನಗಳನ್ನು ಹಗುರ ಮಾಡಿಕೊಳ್ಳುವುದೇ ಈ ಬಿಡುವಿನ ಮೊದಲ ಬಳಕೆಯಾಗಲಿ. ಮುಂದಿನ ಸಲ ಗಡಿಬಿಡಿಯ ನಡುವೆಯೇ, ಎಲ್ಲೆಲ್ಲಿ ಕೆಲಸ ನಿಂತಿತು ಎಂಬುದನ್ನು ಒಂದೊಂದು ಸಾಲಿನಲ್ಲಿ ಗುರುತು ಹಾಕಿಕೊಳ್ಳಿ: ಯಾವ ವಿಭಾಗದ ಬಿಲ್ಲು ತಡವಾಯಿತು, ಯಾವ ಪೂರೈಕೆದಾರರ ಖಾತೆ ತಾಳೆಯಾಗಲಿಲ್ಲ, ಯಾವ ವರದಿಯನ್ನು ಮತ್ತೆ ಕೈಯಿಂದಲೇ ಕೂಡಿಸಬೇಕಾಯಿತು. ಒಬ್ಬರೇ ಪೂರೈಕೆದಾರರು ಎರಡು ಹೆಸರಿನಲ್ಲಿ ದಾಖಲಾಗಿ, ಬಿಲ್ಲು ಒಂದು ಖಾತೆಯಲ್ಲಿಯೂ ಪಾವತಿ ಇನ್ನೊಂದರಲ್ಲಿಯೂ ಕುಳಿತಿರುವುದು ಅಪರೂಪವಲ್ಲ. ತಿಂಗಳ ಕೊನೆಯಲ್ಲಿ ಅದನ್ನು ಹುಡುಕುವುದು ತಲೆನೋವು, ಬಿಡುವಿನ ವಾರದಲ್ಲಿ ಅದು ಸಮಾಧಾನದಿಂದ ಸರಿಪಡಿಸಬಹುದಾದ ಕೆಲಸ. ಎಕ್ಸೆಲ್‌ನ ಪಿವಟ್ ಟೇಬಲ್ (ಉದ್ದನೆಯ ಪಟ್ಟಿಯ ಅಂಕಿಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಸೌಲಭ್ಯ) ಕಲಿಯುವುದಿದ್ದರೆ ಕಳೆದ ತಿಂಗಳ ಅಂಕಿಗಳ ಒಂದು ನಕಲನ್ನು ತೆಗೆದುಕೊಂಡು ಕಲಿಯಿರಿ. ಮೊತ್ತ ಎಷ್ಟು ಬರಬೇಕೆಂಬುದು ಮೊದಲೇ ತಿಳಿದಿರುವುದರಿಂದ, ತಪ್ಪಿದರೆ ತಕ್ಷಣ ಕಾಣುತ್ತದೆ. ನೀವು ರಜೆಯಲ್ಲಿದ್ದರೂ ಇನ್ನೊಬ್ಬರು ನಿಭಾಯಿಸುವಂತೆ ಕೆಲಸದ ಕ್ರಮವನ್ನು ಬರೆದಿಡಿ. ನಡುವೆ ಅರ್ಧ ದಿನ ಸುಮ್ಮನೆ ನಿಧಾನವಾಗಿದ್ದರೂ ಅಪರಾಧವೇನಲ್ಲ. ಆದರೆ ಕಚೇರಿಯ ಹೊತ್ತಿನಲ್ಲಿ, ಕಚೇರಿಯ ಕಂಪ್ಯೂಟರಿನಲ್ಲಿ ಹೊರಗಿನವರ ಲೆಕ್ಕ ಬರೆದುಕೊಟ್ಟು ಸಂಪಾದಿಸುವ ಯೋಚನೆ ಮಾತ್ರ ಬೇಡ. ನಿಮ್ಮ ನೇಮಕಾತಿಯ ಕರಾರನ್ನೇ ಅದು ಮುರಿಯಬಹುದು.

ಇನ್ನು ಮ್ಯಾನೇಜರಿಗೆ ಹೇಳುವ ಮಾತು. 'ನನಗೆ ಕೆಲಸವಿಲ್ಲ' ಎಂದು ಬರಿಗೈಯಲ್ಲಿ ಹೋದರೆ ನಿಮ್ಮ ಭಯವೂ ಸಹೋದ್ಯೋಗಿಯ ಎಚ್ಚರಿಕೆಯೂ ನಿಜವಾಗಬಹುದು. ಆದ್ದರಿಂದ ಮೊದಲು ಒಂದು ಸಣ್ಣ ತೊಡಕನ್ನು ಸರಿಪಡಿಸಿ, ಅದನ್ನು ತೋರಿಸುತ್ತಲೇ, 'ತಿಂಗಳ ಮಧ್ಯದಲ್ಲಿ ನನಗೆ ಸ್ವಲ್ಪ ಸಮಯ ಸಿಗುತ್ತದೆ, ಮುಂದೆ ಹಳೆಯ ಬಾಕಿಗಳ ಪಟ್ಟಿಯನ್ನು ಕೈಗೆತ್ತಿಕೊಳ್ಳಲೇ?' ಎಂದು ಕೇಳಿ. ಬಿಡುವಿರುವುದನ್ನು ಮುಚ್ಚಿಟ್ಟಂತೆಯೂ ಆಗುವುದಿಲ್ಲ, ಆ ಸಮಯವನ್ನು ಏನು ಮಾಡಬೇಕೆಂಬ ಮೊದಲ ಸಲಹೆಯೂ ನಿಮ್ಮದೇ ಆಗಿರುತ್ತದೆ. ಹುದ್ದೆ ಖಂಡಿತ ಉಳಿಯುತ್ತದೆಂದು ನಾನು ಭರವಸೆ ಕೊಡಲಾರೆ; ಆದರೆ ಹಳೆಯ ಫೈಲಿನ ಮುಂದೆ ಕುಳಿತವರು ಕೈಖಾಲಿ ಇದ್ದಾರೆಂಬುದು ಅನುಭವಿ ಮ್ಯಾನೇಜರಿಗೆ ಬಹುಮಟ್ಟಿಗೆ ಗೊತ್ತಿರುತ್ತದೆ.

ಸಹೋದ್ಯೋಗಿ ಹೇಳಿದಂತೆ ಬೇರೆಯವರ ಕೆಲಸ ನಿಮ್ಮ ಮೇಲೆ ಬಿದ್ದರೆ, ಒಪ್ಪಿಕೊಳ್ಳುವಾಗಲೇ ಒಂದು ಗಡಿ ಹಾಕಿ: ತಿಂಗಳ ಲೆಕ್ಕ ಆರಂಭವಾದೊಡನೆ ಅದು ಮೂಲ ವಿಭಾಗಕ್ಕೆ ಮರಳಬೇಕೆಂಬುದನ್ನು ಮ್ಯಾನೇಜರ್ ಜೊತೆ ಮಾತಾಡಿಕೊಂಡು, ಅಂದೇ ಎರಡು ಸಾಲಿನ ಇಮೇಲ್ ಬರೆದು ಖಚಿತಪಡಿಸಿಕೊಳ್ಳಿ.