ಕಾಲೇಜಿನ ಸುದ್ದಿ ಪಾಲಕರಿಗೆ ಮುಟ್ಟುವುದು ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪದವಿ ಓದುವ ಮಕ್ಕಳ ಪಾಲಕರವು. ಒಬ್ಬ ಉಪನ್ಯಾಸಕರೂ ಒಬ್ಬ ವಿದ್ಯಾರ್ಥಿಯೂ ಬರೆದಿದ್ದಾರೆ.

ಪ್ರಶ್ನೆ: ನಮ್ಮದು ಶಿರಹಟ್ಟಿ ತಾಲ್ಲೂಕಿನ ಹಳ್ಳಿ. ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್‌ಸಿ. ಮೂರನೇ ಸೆಮಿಸ್ಟರ್ ಓದುತ್ತಾಳೆ. ಕಳೆದ ಸಲ ಒಂದು ವಿಷಯದಲ್ಲಿ ಹಾಜರಿ ಕಡಿಮೆ ಬಿದ್ದು ಪರೀಕ್ಷೆಗೆ ಕೂಡ್ರಿಸಲಿಲ್ಲ. ನಮಗೆ ಗೊತ್ತಾದದ್ದು ಹಾಲ್ ಟಿಕೆಟ್ ಕೊಡುವ ದಿನ. ಆಫೀಸಿಗೆ ಫೋನ್ ಹಚ್ಚಿದರೆ ‘ನಿಮ್ಮ ಮಗಳನ್ನೇ ಕೇಳ್ರಿ’ ಅಂದರು. ಹೆತ್ತವರು ಕೇಳಬಾರದೇನು?

ಉತ್ತರ: ಧಾರಾಳವಾಗಿ ಕೇಳಬಹುದು. ಆದರೆ 18 ತುಂಬಿದ ಮಗಳು ಕಾನೂನಿನ ಪ್ರಕಾರ ವಯಸ್ಕಳು. ಫೋನಿನಲ್ಲಿ ‘ನಾನು ಅವಳ ತಾಯಿ’ ಎಂದವರಿಗೆಲ್ಲ ಆಫೀಸಿನವರು ವಿವರ ಒಪ್ಪಿಸಿದರೆ ನಾಳೆ ಯಾರು ಬೇಕಾದರೂ ಕೇಳಿಯಾರು. ಅವರು ಹೇಳದೆ ಇದ್ದದ್ದು ತಪ್ಪಲ್ಲ. ಮೊದಲೇ ತಿಳಿಸುವ ಏರ್ಪಾಟು ಇಟ್ಟುಕೊಳ್ಳದೆ ಇದ್ದದ್ದು ತಪ್ಪು. ಅದನ್ನು ನೀವೇ ಮಾಡಿಕೊಳ್ಳಿ. ಸೆಮಿಸ್ಟರ್ ಶುರುವಾದ ಎರಡು ವಾರದೊಳಗೆ ಮಗಳ ಜೊತೆಗೇ ಹೋಗಿ ಅವಳ ಮೆಂಟರ್ ಅಥವಾ ಕ್ಲಾಸ್ ಟೀಚರನ್ನು ಕಾಣಿ. ‘ನನ್ನ ಹಾಜರಿ, ಆಂತರಿಕ ಅಂಕ, ಶುಲ್ಕದ ಬಾಕಿಯನ್ನು ಈ ನಂಬರಿನಲ್ಲಿ ನನ್ನ ತಾಯಿಗೆ ತಿಳಿಸಬಹುದು’ ಎಂದು ಮಗಳೇ ಬರೆದು ಸಹಿ ಮಾಡಿದ ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಂಡು ಮನೆಯಲ್ಲಿಡಿ. ಹಾಸ್ಟೆಲ್ ವಾರ್ಡನ್ ನಂಬರನ್ನೂ ರೂಮಿನ ಒಬ್ಬ ಗೆಳತಿಯ ನಂಬರನ್ನೂ ಅದೇ ಕಾಗದದ ಹಿಂದೆ ಬರೆದಿಟ್ಟುಕೊಳ್ಳಿ. ಹಾಜರಿ, ಅಂಕ ನೋಡುವ ವಿಶ್ವವಿದ್ಯಾಲಯದ ಜಾಲತಾಣ ಯುಯುಸಿಎಂಎಸ್‌ನ ಪಾಸ್‌ವರ್ಡ್ ಮಾತ್ರ ಕೇಳಬೇಡಿ. ಅವಳು ಊರಿಗೆ ಬಂದಾಗ ಪಕ್ಕದಲ್ಲಿ ಕೂತು ಅವಳೇ ತೆರೆದು ತೋರಿಸಲಿ.

ಇನ್ನು ಲೆಕ್ಕ. ಸಾಮಾನ್ಯವಾಗಿ ಪ್ರತಿ ವಿಷಯಕ್ಕೂ ಬೇರೆಬೇರೆಯಾಗಿ ಶೇ. 75 ಹಾಜರಿ ಬೇಕು. ಒಂದರಲ್ಲಿ ಹೆಚ್ಚಿದ್ದದ್ದು ಇನ್ನೊಂದಕ್ಕೆ ಸಲ್ಲುವುದಿಲ್ಲ. ವಾರಕ್ಕೆ 4 ಪಿರಿಯಡ್‌ನಂತೆ 16 ವಾರಕ್ಕೆ 64 ಆಯಿತು; 48ಕ್ಕೆ ಕೂತಿರಬೇಕು. ಆರನೇ ವಾರದ ಕೊನೆಗೆ 24ರಲ್ಲಿ ಬರೀ 10 ಆಗಿದ್ದರೂ ಗಾಬರಿ ಬೇಡ, ಉಳಿದ 40ಕ್ಕೂ ಕೂತರೆ 50 ಆಗಿ ಪಾರಾಗುತ್ತಾಳೆ. ಹತ್ತನೇ ವಾರಕ್ಕೆ 40ರಲ್ಲಿ 18 ಇದ್ದರೆ ಉಳಿದ 24 ಸೇರಿಸಿದರೂ 42. ಆಮೇಲೆ ನೀವು ಬಂದು ಕೈಮುಗಿದರೂ ಪ್ರಿನ್ಸಿಪಾಲರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಅದಕ್ಕೇ ಆರನೇ ವಾರದಲ್ಲಿ ಒಂದು ಫೋನು, ಮೊದಲ ಕಿರುಪರೀಕ್ಷೆ ಆದಮೇಲೆ ಇನ್ನೊಂದು. ನಡುವೆ ದಿನಾ ಫೋನ್ ಹಚ್ಚಬೇಡಿ, ಮೂರನೆಯದಕ್ಕೇ ಎತ್ತುವುದು ಬಿಡುತ್ತಾರೆ.

ಜ್ವರ ಬಂದು ಊರಿಗೆ ಬಂದರೆ ಡಾಕ್ಟರ್ ಸರ್ಟಿಫಿಕೇಟನ್ನು ವಾಪಸು ಹೋದ ವಾರವೇ ಕೊಡಬೇಕು. ಅದರಿಂದ ಹಾಜರಿ ಏರುವುದಿಲ್ಲ. ಸ್ವಲ್ಪ ಕಡಿಮೆ ಬಿದ್ದಾಗ ವಿನಾಯಿತಿ ಕೇಳಲು ಆಧಾರವಾಗುತ್ತದೆ, ಅಷ್ಟೇ. ಎನ್‌ಎಸ್‌ಎಸ್ ಶಿಬಿರ, ಕ್ರೀಡಾಕೂಟಕ್ಕೆ ಹೋದ ದಿನಗಳ ಪತ್ರವನ್ನೂ ವಾಪಸಾದ ವಾರವೇ ಕೊಡಬೇಕು. ಸೆಮಿಸ್ಟರ್ ಕೊನೆಗೆ ಕೊಟ್ಟರೆ ಯಾರೂ ರಜಿಸ್ಟರ್ ತಿದ್ದುವುದಿಲ್ಲ.

ಪ್ರಶ್ನೆ: ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಉಪನ್ಯಾಸಕ. ಪಾಲಕರ ಸಭೆ ಕರೆದರೆ 180 ಮಕ್ಕಳ ಪೈಕಿ 20 ಮನೆಯವರೂ ಬರುವುದಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ತಾರೀಖು ನೋಡಿ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅಮಾವಾಸ್ಯೆಗೂ ಹೊಲದ ಕೆಲಸ ನಿಲ್ಲುತ್ತದೆ. ಟ್ರ್ಯಾಕ್ಟರ್ ಬಂದಮೇಲೆ ಈ ಕಟ್ಟು ಸಡಿಲಾಗಿದೆಯಾದರೂ ರೈತರು ಊರಲ್ಲಿ ಸಿಗುವ ದಿನ ಇವತ್ತಿಗೂ ಸೋಮವಾರವೇ. ಹಾಗೆಂದು ಫೆಬ್ರವರಿ–ಮಾರ್ಚ್‌ನಲ್ಲಿ ಸೋಮವಾರ ಇಟ್ಟೀರಿ ಜೋಕೆ: ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಿನಗಳು ಸೋಮವಾರ ಮತ್ತು ಗುರುವಾರ, ಚೀಲ ಹೇರಿಕೊಂಡು ಹೋದವರು ನಿಮ್ಮ ಸಭೆಗೆ ಬರಲಾರರು. ಜೂನ್ ಬಿತ್ತನೆ, ಗೋವಿನಜೋಳ ಮುರಿಯುವ ಕಾಲ, ನಾಗರಪಂಚಮಿಯ ವಾರವನ್ನೂ ಬಿಡಿ. ಹೊತ್ತು 11ರಿಂದ 12.30. ಮುಂಜಾನೆ ಬಸ್ಸಿಗೆ ಬಂದವರು ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋಗುವಂತಿರಬೇಕು. ಮೂರಕ್ಕೆ ಸಭೆ ಇಟ್ಟರೆ ಹೆಣ್ಣುಮಕ್ಕಳ ತಾಯಂದಿರು ಬರುವುದೇ ಇಲ್ಲ.

ಎರಡನೆಯದು ನಂಬರು. ಪ್ರವೇಶದ ಫಾರ್ಮಿನಲ್ಲಿ ಪಾಲಕರ ಮೊಬೈಲ್ ಎಂದಿರುವಲ್ಲಿ ಕಂಪ್ಯೂಟರ್ ಸೆಂಟರಿನವನ ನಂಬರೋ ಮಾವನ ನಂಬರೋ ಇರುತ್ತದೆ. ಮಗನೇ ತನ್ನ ಎರಡನೇ ಸಿಮ್ ನಂಬರ್ ಕೊಟ್ಟಿರುವುದೂ ಉಂಟು! ಪ್ರತಿ ಸೆಮಿಸ್ಟರ್ ಪರೀಕ್ಷಾ ಅರ್ಜಿ ತುಂಬುವ ಹೊತ್ತಿಗೆ ಆ ನಂಬರಿಗೆ ಒಂದು ಕರೆ ಮಾಡಿ ಖಾತ್ರಿ ಮಾಡಿಕೊಳ್ಳಿ. ಕಾಲೇಜಿನ ಹೆಸರಿನಲ್ಲೇ ಒಂದು ಸಿಮ್ ಇರಲಿ. ಪ್ರತಿ ವರ್ಷ ಹೊಸ ಸಂಯೋಜಕರ ಸ್ವಂತ ನಂಬರಿನಿಂದ ಮೆಸೇಜ್ ಹೋದರೆ ಯಾರೂ ತೆರೆಯುವುದಿಲ್ಲ. ವಾಟ್ಸ್‌ಆ್ಯಪ್ ಗ್ರೂಪಿಗಿಂತ ಬ್ರಾಡ್‌ಕಾಸ್ಟ್ ಲಿಸ್ಟ್ ಒಳ್ಳೆಯದು, ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಕಾಲೇಜಿನ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ಒಂದು ಲಿಸ್ಟಿನಲ್ಲಿ 256 ಮಂದಿಗೆ ಮಿತಿ. ಪ್ರವೇಶದ ದಿನ ಕೌಂಟರಿನಲ್ಲೇ ಪಾಲಕರ ಫೋನಿನಲ್ಲಿ ಸೇವ್ ಮಾಡಿಸಿಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಮೆಸೇಜನ್ನು ಇಂಗ್ಲಿಷಿನ ಸುತ್ತೋಲೆಯಾಗಿ ಕಳಿಸಬೇಡಿ. ಓದಲು ಬಾರದವರಿಗೂ ತಿಳಿಯುವಂತೆ ಒಂದು ನಿಮಿಷದೊಳಗಿನ ಧ್ವನಿ ಸಂದೇಶ, ನಮ್ಮ ಕಡೆಯ ಮಾತಿನಲ್ಲಿ.

ಮೂರನೆಯದು, ಬಂದವರಿಗೆ ಏನು ಸಿಗುತ್ತದೆ? ಸ್ವಾಗತ, ದೀಪ, ಅತಿಥಿಗಳ ಭಾಷಣ, ಕೊನೆಗೆ ಮೈಕಿನಲ್ಲಿ ಫೇಲಾದವರ ಹೆಸರು: ಒಮ್ಮೆ ತಲೆತಗ್ಗಿಸಿ ಕೂತ ಅಪ್ಪ ಮತ್ತೊಮ್ಮೆ ಬಾರ. ವಿಭಾಗವಾರು 30 ಮನೆಯವರನ್ನಷ್ಟೇ ಕರೆಯಿರಿ. ವೇದಿಕೆಯ ಮಾತು 15 ನಿಮಿಷ, ಆಮೇಲೆ ಮೂರು–ನಾಲ್ಕು ಮೇಜು ಹಾಕಿ ಒಬ್ಬೊಬ್ಬರಿಗೂ ಐದೈದು ನಿಮಿಷ, ಮಗ ಅಥವಾ ಮಗಳನ್ನು ಜೊತೆಗೆ ಕೂಡ್ರಿಸಿಕೊಂಡೇ. ಒಂದು ಮೇಜು ವಿದ್ಯಾರ್ಥಿವೇತನಕ್ಕೆ ಮೀಸಲಿಡಿ. ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಹಾಕಿಯೂ ಹಣ ಬಾರದಿದ್ದರೆ ಸಾಮಾನ್ಯ ಕಾರಣ ಎರಡು: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಇಲ್ಲವೇ ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಮುಗಿದಿರುತ್ತದೆ. ಬ್ಯಾಂಕಿಗೆ ವಿದ್ಯಾರ್ಥಿ ಹೋಗಬೇಕು, ನಾಡಕಚೇರಿಗೆ ಪಾಲಕರು. ಈ ಮೇಜಿನ ಸುದ್ದಿ ಊರಿಗೆ ಮುಟ್ಟಿದರೆ ಮುಂದಿನ ಸಭೆಗೆ ಕರೆಯುವ ಕಷ್ಟವೇ ಇರುವುದಿಲ್ಲ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಓದುತ್ತಿದ್ದೇನೆ. ಬಸ್ ತಡವಾಗಿ ಮೊದಲ ಪಿರಿಯಡ್ ತಪ್ಪಿದರೆ ಸಾಕು, ‘ನಿಮ್ಮ ಮಗ ಇಂದು ಗೈರು’ ಎಂದು ಅಪ್ಪಾಜಿಗೆ ಎಸ್‌ಎಂಎಸ್ ಹೋಗುತ್ತದೆ. ಮನೆಯಲ್ಲಿ ದಿನಾ ರಗಳೆ.

ಉತ್ತರ: ಹಾಜರಿಯ ಸಾಫ್ಟ್‌ವೇರನ್ನು ಮೊದಲ ಪಿರಿಯಡ್‌ಗೇ ಕಟ್ಟಿಟ್ಟರೆ ಹೀಗಾಗುತ್ತದೆ. ನಾಲ್ಕೈದು ಜನ ಸೇರಿ ವಿಭಾಗದ ಮುಖ್ಯಸ್ಥರಿಗೆ ಮೂರು ಬದಲಾವಣೆ ಕೇಳಿ: ಸಂದೇಶ ಸಂಜೆ 5ರ ಮೇಲೆ ಹೋಗಲಿ, ಎಷ್ಟು ಪಿರಿಯಡ್ ತಪ್ಪಿದೆ ಎಂದು ಅದರಲ್ಲಿರಲಿ, ತಿದ್ದುಪಡಿಗೆ ಎರಡು ದಿನ ಇರಲಿ. ದಿನಾ ಎಚ್ಚರಿಸುವ ಬದಲು ಹಾಜರಿ ಶೇ. 80ಕ್ಕಿಂತ ಕೆಳಗಿಳಿದಾಗ ಮಾತ್ರ ತಿಳಿಸುವುದು ಮೇಲು, ಆಗ ಪಾಲಕರೂ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳುತ್ತಾರೆ. ಮಾತಿನಲ್ಲಿ ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಲಿಖಿತ ಅರ್ಜಿ ಕೊಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ನಿಯಮದಂತೆ ಆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿಗೆ, ಮೇಲ್ಮನವಿ. ಇಷ್ಟೆಲ್ಲದರ ಜೊತೆ, ಬಸ್ ತಡವಾದ ದಿನ ಎಸ್‌ಎಂಎಸ್‌ಗಿಂತ ಮೊದಲು ಅಪ್ಪಾಜಿಗೆ ನೀವೇ ಒಂದು ಫೋನ್ ಹಚ್ಚಿ.

ಪ್ರಶ್ನೆ: ಮಗ ಎಂಜಿನಿಯರಿಂಗ್ ಮೊದಲ ವರ್ಷ. ಪಿಯುಸಿವರೆಗೆ ಚಲೋ ಓದಿದವನು, ಈಗ ಕಾಲೇಜು ಒಲ್ಲೆ ಅನ್ನುತ್ತಾನೆ, ಯಾರ ಜೊತೆಗೂ ಮಾತಿಲ್ಲ. (ನರಗುಂದ)

ಉತ್ತರ: ‘ಇಷ್ಟು ರೊಕ್ಕ ಕಟ್ಟೀನಿ’ ಎಂಬ ಮಾತನ್ನು ಸದ್ಯ ಎತ್ತಬೇಡಿ. ಯಾವ ವಿಷಯ, ಯಾವ ತಾಸು ಕಷ್ಟ ಎಂದು ಕೇಳಿ. ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ಕಿರುಪರೀಕ್ಷೆಯ ಅಂಕ ದೊಡ್ಡ ಪೆಟ್ಟು ಕೊಡುತ್ತದೆ. ಅದಾದರೆ ಮೆಂಟರ್ ಜೊತೆ ಕೂತು ಹೆಚ್ಚುವರಿ ತರಗತಿಯ ವ್ಯವಸ್ಥೆ ಕೇಳಿ. ರ‍್ಯಾಗಿಂಗ್ ಇರಬಹುದೇ ಎಂದೂ ನೇರವಾಗಿಯೇ ಕೇಳಿ. ಊಟ, ನಿದ್ದೆ ಎರಡು ವಾರದಿಂದ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ; ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಡಾಕ್ಟರರನ್ನೂ ಕಾಣಿ. ಸಾಯುವ ಮಾತು ಬಾಯಿಗೆ ಬಂದರೆ ಅವತ್ತೇ ಕರೆದೊಯ್ಯಿರಿ, ಒಬ್ಬನನ್ನೇ ಬಿಡಬೇಡಿ.

ಪ್ರಶ್ನೆ: ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಗೆ ನನ್ನ ಒಪ್ಪಿಗೆಯೂ ಬೇಕಂತೆ. ಇಂಗ್ಲಿಷಿನಲ್ಲಿದೆ. ಕೊಟ್ಟರೆ ತೊಂದರೆ ಉಂಟೇ? (ರಾಣೆಬೆನ್ನೂರು)

ಉತ್ತರ: ಇಲ್ಲ. ಯುಜಿಸಿಯ 2009ರ ನಿಯಮದಂತೆ ವಿದ್ಯಾರ್ಥಿ, ಪಾಲಕರು ಇಬ್ಬರೂ ಪ್ರತಿ ವರ್ಷ ಕೊಡಬೇಕಾದದ್ದು. ಮಗ ರ‍್ಯಾಗಿಂಗ್ ಮಾಡುವುದಿಲ್ಲ, ಮಾಡಿದರೆ ಶಿಕ್ಷೆಗೆ ಗುರಿಯಾಗುತ್ತಾನೆ ಎಂಬುದು ನಮಗೆ ತಿಳಿದಿದೆ ಎಂದು ಅದರ ಸಾರ. ಆನ್‌ಲೈನಿನಲ್ಲಿ ತುಂಬುವಾಗ ಪಾಲಕರ ಫೋನ್, ಇ-ಮೇಲ್ ಕಲಮುಗಳಲ್ಲಿ ಸೈಬರ್ ಅಂಗಡಿಯ ವಿವರ ಹಾಕಿಸಬೇಡಿ. ಮುಂದೆ ದೂರು ಕೊಡುವ ಪ್ರಸಂಗ ಬಂದರೆ ಸಂಪರ್ಕ ಸಿಗಬೇಕಾದದ್ದು ನಿಮ್ಮದು. ಸಹಾಯವಾಣಿ 1800-180-5522. ಮಗ ಹಿಂಜರಿದರೆ ನೀವೇ ಕರೆ ಮಾಡಬಹುದು.