ಐರಿಷ್ ಹೆಸರು ‘ಶಿವಾನ್’ ಬರೆಯುವಾಗ ‘ಬಿ-ಎಚ್’ ಏಕೆ? ಓದುವುದು ‘ವ’ ಅಲ್ಲವೇ?

ಆ ಎಚ್ ನಮ್ಮ ‘ಭ’ದ ಮಹಾಪ್ರಾಣವಲ್ಲ, ‘ಇಲ್ಲಿ ಬಕಾರ ಸಡಿಲವಾಗಿದೆ’ ಎಂಬ ಗುರುತು. ‘ಬ’ ಅನ್ನಲು ತುಟಿಗಳೆರಡೂ ಪೂರ್ತಿ ಮುಚ್ಚಬೇಕು. ಐರಿಷ್ ಸೇರಿದ ಗೇಲಿಕ್ ಭಾಷೆಗಳಲ್ಲಿ ಹಿಂದೆ ಸ್ವರಗಳ ನಡುವೆ ಸಿಕ್ಕ ‘ಬ’ಕ್ಕೆ ತುಟಿ ಅರ್ಧಂಬರ್ಧ ಮುಚ್ಚಿ, ಸಂದಿಯಲ್ಲಿ ಗಾಳಿ ನುಸುಳಿ ‘ವ’ ಆಯಿತು. ಪದಗಳು ಕೂಡುವಾಗ ಮೊದಲಕ್ಷರಕ್ಕೂ ಇದು ಅಂಟಿಕೊಂಡು ಈಗ ವ್ಯಾಕರಣದ ನಿಯಮವೇ ಆಗಿದೆ. ಐರಿಷ್‌ನಲ್ಲಿ ‘ಬ್ಯಾನ್’ ಎಂದರೆ ಹೆಂಗಸು, ‘ಅನ್ ವ್ಯಾನ್’ ಎಂದರೆ ಆ ಹೆಂಗಸು. ‘ಮ’ವೂ ಹಾಗೆಯೇ: ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ‘ಮಾರಿ’ ಎಂಬ ಹೆಸರಿನವಳನ್ನು ಕರೆಯುವುದು ‘ಅ ವಾರಿ’ ಎಂದು.

ಇಂಗ್ಲಿಷ್‌ನಲ್ಲಿ ಇಂಥ ನಿಯಮವಿಲ್ಲ; ಬೆಸ್ಟ್, ವೆಸ್ಟ್ ಬೇರೆ ಬೇರೆ ಪದಗಳು. ಕನ್ನಡಿಗರಿಗೆ ಮಾತ್ರ ಇದು ಹೊಸತೇನಲ್ಲ: ಕಡು+ಬೆಳ್ಪು ‘ಕಡುವೆಳ್ಪು’ ಆಗುವ ಆದೇಶಸಂಧಿಯನ್ನು ಶಾಲೆಯಲ್ಲೇ ಉರು ಹೊಡೆದಿದ್ದೇವೆ.